ಶರತ್ಕಾಲದ ಕ್ರೋಕಸ್: ‘ದುರ್ಲಭ’ವೆಂಬ ಮಾತಿನ ಚರಿತ್ರೆ

ರಾಜವಂಶಗಳ ಚರಿತ್ರೆಯನ್ನು ಬರೆಯುವುದಕ್ಕೆ ಶಾಸನಗಳುಂಟು. ಕಂದಾಯದ ಚರಿತ್ರೆಗೆ ಕಡತಗಳುಂಟು. ಒಂದು ಹೂವಿನ ಚರಿತ್ರೆಯನ್ನು ಬರೆಯಹೊರಟಾಗ ಆಧಾರಗಳು ಚೆದುರಿಹೋಗಿರುತ್ತವೆ: ಒಂದಿಷ್ಟು ಗೋಡೆಯ ಮೇಲಿನ ಚಿತ್ರದಲ್ಲಿ, ಒಂದಿಷ್ಟು ಸಸ್ಯಶಾಸ್ತ್ರದ ಗ್ರಂಥದಲ್ಲಿ, ಇನ್ನೊಂದಿಷ್ಟು ಯಾರೋ ಎಂದೋ ಗಡ್ಡೆ ನೆಟ್ಟು ತೀರಿಕೊಂಡ ಮೇಲೆಯೂ ವರ್ಷವರ್ಷವೂ ಹೂ ಬಿಡುತ್ತಿರುವ ಹುಲ್ಲುಗಾವಲಿನಲ್ಲಿ. ಇಂಥ ಆಧಾರಗಳನ್ನು ಚರಿತ್ರಕಾರನು ತೂಗಿ ನೋಡುವುದು ಸಾಧ್ಯವೇ ಎಂಬುದನ್ನು ಪ್ರಕೃತ ಲೇಖನದಲ್ಲಿ ಒಂದು ಉದಾಹರಣೆಯ ಮೂಲಕ ವಿಚಾರಿಸಬಯಸುತ್ತೇವೆ. ಆ ಉದಾಹರಣೆ ಶರತ್ಕಾಲದಲ್ಲಿ ಹೂ ಬಿಡುವ ಕ್ರೋಕಸ್ ಸಸ್ಯಗಳದು. ಕುಂಕುಮಕೇಸರಿಯನ್ನು ಕೊಡುವ ಗಿಡವೂ ಇವುಗಳಲ್ಲಿ ಒಂದೆಂದರೆ ನಮ್ಮ ಓದುಗರಿಗೆ ವಿಷಯ ಅಷ್ಟೊಂದು ದೂರದ್ದೆನಿಸಲಾರದು.

ಮೊದಲು ಹೆಸರಿನ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ ‘ಆಟಮ್ ಕ್ರೋಕಸ್’ ಎಂದು ಜನ ಕರೆಯುವುದು ಬಹುಮಟ್ಟಿಗೆ ಕಾಲ್ಚಿಕಮ್ ಎಂಬ ಬೇರೆಯೇ ಕುಲದ ಸಸ್ಯವನ್ನು. ನೋಡುವುದಕ್ಕೆ ಎರಡೂ ಒಂದೇ ತೆರ. ಎರಡೂ ಎಲೆಯಿಲ್ಲದ ಬರಿಯ ನೆಲದಿಂದ ಹೂವನ್ನು ಎತ್ತಿ ನಿಲ್ಲಿಸುತ್ತವೆ. ಆದರೆ ಕ್ರೋಕಸಿಗೆ ಮೂರು ಕೇಸರಗಳು, ಕಾಲ್ಚಿಕಮಿಗೆ ಆರು. ಕ್ರೋಕಸಿನ ಒಂದು ಪ್ರಭೇದ ಅಡುಗೆಗೆ ಬರುತ್ತದೆ; ಕಾಲ್ಚಿಕಮ್ ಮಾರಕವಾದ ವಿಷ. ಅದರಲ್ಲಿರುವ ಕಾಲ್ಚಿಸಿನ್ ಎಂಬ ಕ್ಷಾರವೇ ನಮ್ಮ ಬೇಲಿಗಳಲ್ಲಿ ಹಬ್ಬುವ ಅಗ್ನಿಶಿಖೆಯಲ್ಲಿಯೂ, ಎಂದರೆ ಗೌರಿ ಹೂವಿನ ಗಡ್ಡೆಯಲ್ಲಿಯೂ ಇದೆ. ಅವೆರಡೂ ಒಂದೇ ಕುಟುಂಬಕ್ಕೆ ಸೇರಿದವು. ಮೂರೋ ಆರೋ ಎಂದು ಎಣಿಸಿ ನೋಡುವ ಈ ಸಣ್ಣ ಅಭ್ಯಾಸ ಎಷ್ಟೋ ಹಳೆಯ ಬರೆಹಗಳನ್ನು ಓದುವಾಗಲೂ ಉಪಯೋಗಕ್ಕೆ ಬರುತ್ತದೆ.

ಇನ್ನು ಋತುವಿನ ಮಾತು. ಯೂರೋಪಿನ ಕವಿಗಳು ಶರತ್ಕಾಲವನ್ನು ಮುಪ್ಪಿನ ಋತುವೆಂದು, ಎಲೆಯುದುರುವ ಕಾಲವೆಂದು ವರ್ಣಿಸುವುದು ವಾಡಿಕೆ. ಕ್ರೋಕಸಿನ ಮಟ್ಟಿಗೆ ಈ ಭಾವನೆ ತಲೆಕೆಳಗಾದದ್ದು. ಈ ಕುಲದ ನೆಲೆವೀಡು ಮೆಡಿಟರೇನಿಯನ್ ಸಮುದ್ರದ ಸುತ್ತಣ ದೇಶಗಳು, ಬಾಲ್ಕನ್ ಪ್ರದೇಶ, ತುರ್ಕಿ, ಕಾಕಸಸ್ ಪರ್ವತಗಳು, ಇರಾನು. ಅಲ್ಲಿ ಸುಟ್ಟು ಕರಕಾಗಿಸುವುದು ಬೇಸಗೆ. ಮಳೆ ಬರುವುದು ಶರತ್ತಿನಲ್ಲಿ. ಗಡ್ಡೆ ಬೇಸಗೆಯುದ್ದಕ್ಕೂ ಒಣನೆಲದಲ್ಲಿ ನಿದ್ರಿಸಿ, ತಂಪು ಬಿದ್ದೊಡನೆ ಎಚ್ಚರಗೊಳ್ಳುತ್ತದೆ. ನಮ್ಮಲ್ಲಿ ಮುಂಗಾರಿನ ಮೊದಲ ಹನಿಗೆ ನೆಲ ಹೇಗೆ ಹಸುರೊಡೆಯುವುದೋ ಅಲ್ಲಿಯ ಬೆಟ್ಟಗಳಿಗೆ ಅಕ್ಟೋಬರಿನ ಮಳೆ ಹಾಗೆ. ಆದುದರಿಂದ ಈ ಹೂವು ಅಲ್ಲಿ ವರ್ಷದ ಕೊನೆಯ ಹೂವಲ್ಲ, ಮೊದಲನೆಯದು. ಉತ್ತರದ ಮಂಜಿನ ದೇಶಗಳಲ್ಲಿ ಇದನ್ನು ನೆಟ್ಟು ಆನಂದಿಸಿದವರು ಮಾತ್ರ ಇದನ್ನು ಕಳೆದುಹೋಗುವ ವರ್ಷದ ಕೊನೆಯ ಕಾಣಿಕೆಯೆಂದು ಬಗೆದರು. ಒಂದೇ ಹೂವಿಗೆ ಎರಡು ಅರ್ಥಗಳು ಹೀಗೆ ಹುಟ್ಟಿದುವು. ಗಡ್ಡೆಯೊಡನೆ ಅದರ ಪಂಚಾಂಗವನ್ನು ಸಾಗಿಸುವುದಕ್ಕಾಗಲಿಲ್ಲ.

ಈ ಹೂವನ್ನು ಮನುಷ್ಯನು ಮೆಚ್ಚಿಕೊಂಡುದಕ್ಕೆ ದೊರೆಯುವ ಹಳೆಯ ಸಾಕ್ಷ್ಯಗಳು ಈಜಿಯನ್ ದ್ವೀಪಗಳವು. 1967ರಿಂದ ಸ್ಪಿರಿಡಾನ್ ಮರಿನಾಟೋಸ್ ಅವರು ಥೇರಾ ದ್ವೀಪದ ಅಕ್ರೋತಿರಿಯಲ್ಲಿ ನಡೆಸಿದ ಉತ್ಖನನದಲ್ಲಿ ಜ್ವಾಲಾಮುಖಿಯ ಬೂದಿಯಡಿಯಿಂದ ಒಂದು ಕಂಚಿನ ಯುಗದ ಪಟ್ಟಣವೇ ಹೊರಬಂದಿತು. ಅಲ್ಲಿಯ ಒಂದು ಕಟ್ಟಡದ ಭಿತ್ತಿಗಳ ಮೇಲೆ ಹುಡುಗಿಯರು ಬಂಡೆಗಳ ನಡುವಿನಿಂದ ಕ್ರೋಕಸ್ ಹೂಗಳನ್ನು ಕಿತ್ತು ಬುಟ್ಟಿಗೆ ಹಾಕಿ, ಪೀಠದ ಮೇಲೆ ಕುಳಿತ ದೇವಿಗೆ ಅರ್ಪಿಸುವ ಚಿತ್ರವಿದೆ. ಕ್ರೀಟಿನ ಕ್ನೋಸಸ್ ಅರಮನೆಯಲ್ಲಿಯೂ ಇಂಥದೇ ಒಂದು ಚಿತ್ರ ಹಿಂದೆಯೇ ಸಿಕ್ಕಿತ್ತು. ಅದನ್ನು ಕಂಡುಹಿಡಿದ ಸರ್ ಆರ್ಥರ್ ಇವಾನ್ಸ್ ಅವರು ಹೂ ಕೀಳುತ್ತಿರುವ ನೀಲಿ ಬಣ್ಣದ ಆಕೃತಿಯನ್ನು ಹುಡುಗನೆಂದು ತಿಳಿದು, ಇಲ್ಲದ ತಲೆಯನ್ನು ಸೇರಿಸಿ ಜೀರ್ಣೋದ್ಧಾರ ಮಾಡಿಸಿದರು. ಮುಂದಿನ ವಿದ್ವಾಂಸರು ಅದು ಹುಡುಗನಲ್ಲ, ಕೋತಿ ಎಂದು ತೋರಿಸಿಕೊಟ್ಟರು. ಹರಕು ಸಾಕ್ಷ್ಯವನ್ನು ಪೂರ್ತಿಗೊಳಿಸುವ ಅವಸರದಲ್ಲಿ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸೊಗಸಾದ ಪಾಠ ನಮ್ಮ ವಿದ್ಯಾರ್ಥಿಗಳಿಗೆ ಸಿಗಲಾರದು.

ಆ ಚಿತ್ರಗಳಲ್ಲಿಯ ಹೂವು ಗ್ರೀಸಿನ ಕಾಡು ಕ್ರೋಕಸಾದ ಕಾರ್ಟ್‌ರೈಟಿಯಾನಸ್ ಪ್ರಭೇದವನ್ನು ಬಹುವಾಗಿ ಹೋಲುತ್ತದೆ. ಇದೂ ಶರತ್ತಿನಲ್ಲಿಯೇ ಅರಳುವುದು; ಇದರ ಶಲಾಕಾಗ್ರವೂ ಕೆಂಪಾದ ಮೂರು ಎಳೆಗಳು. ಕುಂಕುಮಕೇಸರಿಯ ಗಿಡ, ಎಂದರೆ ಕ್ರೋಕಸ್ ಸಟೈವಸ್, ಇದರಿಂದಲೇ ಹುಟ್ಟಿದ್ದೆಂದು ಬಹುಕಾಲದಿಂದ ಊಹೆಯಿತ್ತು. 2019ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನಗಳು ಆ ಊಹೆಯನ್ನು ಸ್ಥಿರಪಡಿಸಿ, ಅಥೆನ್ಸಿನ ಸುತ್ತಣ ಅಟಿಕಾ ಪ್ರಾಂತದ ಕಾಡು ಸಸ್ಯಗಳೇ ಅದಕ್ಕೆ ಅತಿ ಸಮೀಪದ ಬಂಧುಗಳೆಂದು ತೋರಿಸಿವೆ. ಕುಂಕುಮಕೇಸರಿಯ ಗಿಡದಲ್ಲಿ ವರ್ಣತಂತುಗಳು ಮೂರು ಮೂರಾಗಿ ಇರುವುದರಿಂದ ಅದು ಬೀಜ ಕಟ್ಟುವುದಿಲ್ಲ. ಮನುಷ್ಯನು ಗಡ್ಡೆಯನ್ನು ಅಗೆದು, ಬಿಡಿಸಿ, ಮತ್ತೆ ನೆಟ್ಟರಷ್ಟೆ ಅದಕ್ಕೆ ಮುಂದಿನ ಪೀಳಿಗೆ. ಹೀಗಾಗಿ ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಬೆಳೆಯುವ ಶರತ್ಕಾಲದ ಕ್ರೋಕಸ್ ಕಾಡಿನಲ್ಲಿ ಎಲ್ಲಿಯೂ ಇಲ್ಲ. ಇಂದಿನ ಪ್ರತಿಯೊಂದು ಗಿಡವೂ ಎಂದೋ ಒಬ್ಬ ರೈತನ ಕೈ ತಪ್ಪದೆ ಇನ್ನೊಬ್ಬನ ಕೈಗೆ ಬಂದುದರ ಫಲ.

ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಕಾಶ್ಮೀರದವರ ಅಭಿಮಾನ ಹೊಸ ಅರ್ಥವನ್ನು ಪಡೆಯುತ್ತದೆ. ಸಂಸ್ಕೃತದಲ್ಲಿ ಕುಂಕುಮಕ್ಕೆ ‘ಕಾಶ್ಮೀರ’ವೆಂದೇ ಹೆಸರು. ಕಲ್ಹಣನು 12ನೆಯ ಶತಮಾನದ ನಡುವೆ ರಚಿಸಿದ ರಾಜತರಂಗಿಣಿಯಲ್ಲಿ, ಸ್ವರ್ಗದಲ್ಲಿಯೂ ದೊರೆಯದೆ ತನ್ನ ನಾಡಿನಲ್ಲಿ ಸಾಮಾನ್ಯವಾಗಿರುವ ವಸ್ತುಗಳಲ್ಲಿ ಕುಂಕುಮವನ್ನು ಸೇರಿಸಿದ್ದಾನೆ. ಅವನಿಗಿಂತ ಹಿಂದಿನವನಾದ ಬಿಲ್ಹಣನು ನಮಗೆ ಇನ್ನೂ ಹತ್ತಿರದವನು. ಪಾಂಪೋರಿಗೆ ಸಮೀಪದ ಖೋನಮುಖವೆಂಬ ಊರಿನಲ್ಲಿ ಹುಟ್ಟಿ, ದೇಶ ತಿರುಗಿ, ಕಡೆಗೆ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾಗಿ ನೆಲಸಿದ ಈ ಕವಿ ವಿಕ್ರಮಾಂಕದೇವಚರಿತದಲ್ಲಿ ಕವಿತೆಯನ್ನೂ ಕುಂಕುಮವನ್ನೂ ಒಡಹುಟ್ಟಿದವೆಂದು ಕರೆದು, ಇವೆರಡೂ ಶಾರದಾದೇಶವನ್ನು ಬಿಟ್ಟು ಬೇರೆಡೆ ಮೊಳೆತುದನ್ನು ತಾನು ಕಾಣೆನೆಂದು ಹೇಳಿಕೊಂಡಿದ್ದಾನೆ. ಇದನ್ನು ಬರಿಯ ಕವಿಸಮಯವೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಕಲ್ಯಾಣದ ಕರಿಯ ನೆಲದಲ್ಲಿ ನಿಂತು ನೋಡಿದವನಿಗೆ ಅದು ಕಣ್ಣಾರೆ ಕಂಡ ಸತ್ಯವೇ ಆಗಿತ್ತು. ಬೇಸಗೆಯ ಒಣಗು, ಶರತ್ತಿನ ತಂಪು ಈ ಎರಡೂ ಕೂಡದ ಕಡೆ ಈ ಗಡ್ಡೆ ಬಾಳುವುದಿಲ್ಲ. ಆದರೆ ಅವನು ಹುಟ್ಟುನೆಲದ ವರವೆಂದು ಬಗೆದದ್ದು ಅವನ ಊರಿನ ಒಕ್ಕಲಿಗರ ದುಡಿಮೆಯಾಗಿತ್ತು. ಪಶ್ಚಿಮದಿಂದ ಬಂದ ಗಡ್ಡೆಯನ್ನು ಅವರು ಎಷ್ಟು ಚೆನ್ನಾಗಿ ಉಳಿಸಿಕೊಂಡರೆಂದರೆ ಅದು ಅಲ್ಲಿಯದೇ ಆಯಿತು.

ಪ್ರಸಂಗವಶಾತ್ ಒಂದು ಎಚ್ಚರಿಕೆ. ನಮ್ಮ ಕಾವ್ಯಗಳಲ್ಲಿ ‘ಕುಂಕುಮ’ವೆಂಬ ಮಾತು ಬಂದಾಗಲೆಲ್ಲ ಅರಸಿನಕ್ಕೆ ಸುಣ್ಣ ಬೆರಸಿ ಮಾಡಿದ ಹಣೆಯ ಕುಂಕುಮವೆಂದು ಅರ್ಥಮಾಡುವ ಪದ್ಧತಿಯುಂಟು. ಮೈಗೆ ಪೂಸುವ ಲೇಪನವೋ, ಕರ್ಪೂರ ಕಸ್ತೂರಿಗಳ ಜೊತೆಯ ಸುಗಂಧದ್ರವ್ಯವೋ ಆಗಿದ್ದರೆ ಅಲ್ಲಿ ಬಹುಮಟ್ಟಿಗೆ ಈ ಹೂವಿನ ಎಳೆಯನ್ನೇ ತಿಳಿಯಬೇಕು. ಹಾಗೆ ತಿಳಿದಾಗ ಆ ಪದ್ಯ ಒಂದು ದೂರವ್ಯಾಪಾರದ ದಾಖಲೆಯೂ ಆಗುತ್ತದೆ.

ಕಾಶ್ಮೀರದ ಹೊಲವನ್ನು ಹೂವಿಗಾಗಿಯೇ ನೋಡಹೋದವರಲ್ಲಿ ಜಹಾಂಗೀರನನ್ನು ಸ್ಮರಿಸಬೇಕು. 1620ರ ಶರತ್ತಿನಲ್ಲಿ ಪಾಂಪೋರಿನ ಬಯಲು ಹೂತು ನಿಂತುದನ್ನು ಕಂಡ ಬಾದಶಹನು ಗಡ್ಡೆ, ಹೂವಿನ ದಳ, ಎಳೆಗಳ ವಿವರಗಳನ್ನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟು, ಅದರ ಉಗ್ರವಾದ ಪರಿಮಳದಿಂದ ತನ್ನ ಪರಿವಾರದವರಿಗೆ ತಲೆನೋವು ಬಂದಿತೆಂದೂ ಸೇರಿಸಿದ್ದಾನೆ. ತಲೆನೋವಿನ ಈ ಮಾತೇ ಆ ವರ್ಣನೆ ಕಂಡು ಬರೆದದ್ದೆಂಬುದಕ್ಕೆ ನಮಗೆ ಪ್ರಮಾಣ.

ಬೆಳೆಗಾಗಿ ಬೆಳೆಸುವುದು ಒಂದು ಬಗೆ. ಬರಿಯ ನೋಟಕ್ಕಾಗಿ, ಅದೂ ಇತರರ ಬಳಿ ಇಲ್ಲದ್ದನ್ನು ಬೆಳೆಸಬೇಕೆಂಬುದು ಇನ್ನೊಂದು ಬಗೆ. ಈ ಎರಡನೆಯದು ಯೂರೋಪಿನಲ್ಲಿ ರೂಢಿಯಾದದ್ದು 16ನೆಯ ಶತಮಾನದಲ್ಲಿ. ಲೈಡನ್ ವಿಶ್ವವಿದ್ಯಾನಿಲಯದ ಸಸ್ಯೋದ್ಯಾನವನ್ನು ರೂಪಿಸಿದ ಕ್ಲೂಸಿಯಸ್ 1601ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರೇ ‘ದುರ್ಲಭ ಸಸ್ಯಗಳ ಚರಿತ್ರೆ’ ಎಂದು. ಈ ಶೀರ್ಷಿಕೆಯ ಮೊದಲ ಪದದ ಮೇಲೆ ನಾವು ಸ್ವಲ್ಪ ನಿಲ್ಲಬೇಕು. ಅವನು ದುರ್ಲಭವೆಂದು ಬರೆದ ಎಷ್ಟೋ ಹೂಗಳು ಸ್ಪೇನಿನ ಬೆಟ್ಟದ ಕುರಿಗಾಹಿ ಅನುದಿನವೂ ತುಳಿದು ನಡೆದಂಥವು. ದುರ್ಲಭವಾಗಿದ್ದುದು ವಿದ್ವಾಂಸನ ಮೇಜಿಗೆ, ಸಿರಿವಂತನ ತೋಟಕ್ಕೆ. ಎಂದರೆ, ಈ ವಿಶೇಷಣ ಸಸ್ಯದ ಗುಣವನ್ನು ಹೇಳುತ್ತಿಲ್ಲ. ಸಸ್ಯಕ್ಕೂ ಅದನ್ನು ಬಯಸಿದವನಿಗೂ ನಡುವೆ ಇರುವ ದೂರವನ್ನು ಹೇಳುತ್ತಿದೆ. ಆ ದೂರ ಹಡಗಿನಿಂದ, ಪತ್ರವ್ಯವಹಾರದಿಂದ, ರಾಯಭಾರಿಗಳ ನೆರವಿನಿಂದ ಕಡಿಮೆಯಾಗುತ್ತಾ ಬಂದುದೇ ಕ್ರೋಕಸಿನ ಮುಂದಿನ ಚರಿತ್ರೆ.

1753ರಲ್ಲಿ ಲಿನೇಯಸ್ ಈ ಕುಲದಲ್ಲಿ ಒಂದೇ ಪ್ರಭೇದವನ್ನು ಗುರುತಿಸಿ, ಶರತ್ತಿನದನ್ನೂ ವಸಂತದ್ದನ್ನೂ ಅದರ ಎರಡು ರೂಪಗಳೆಂದು ಎಣಿಸಿದ್ದನು. ಅಲ್ಲಿಂದ ಮುಂದೆ ಈ ಕುಲವನ್ನು ಬಿಡಿಸಿ ನೋಡಿದವರಲ್ಲಿ ಹೆಚ್ಚಿನವರು ವೃತ್ತಿಯಿಂದ ಸಸ್ಯಶಾಸ್ತ್ರಜ್ಞರಲ್ಲವೆಂಬುದು ಗಮನಾರ್ಹ. ಮ್ಯಾಂಚೆಸ್ಟರಿನ ಡೀನ್ ಪದವಿಯಲ್ಲಿದ್ದ ಪಾದ್ರಿ ವಿಲಿಯಂ ಹರ್ಬರ್ಟ್, ಜೀವಂತ ಗಿಡಗಳನ್ನು ಬೆಳೆಸಿ, ಸಂಕರ ಮಾಡಿ, ಗಡ್ಡೆಯ ಸಿಪ್ಪೆಯ ನೇಯ್ಗೆಯನ್ನು ಪರೀಕ್ಷಿಸಿ ಬರೆದ ಕ್ರೋಕಸ್ ಪ್ರಭೇದಗಳ ಚರಿತ್ರೆ 1847ರಲ್ಲಿ, ಅವನು ತೀರಿಕೊಂಡ ವರ್ಷವೇ, ಪ್ರಕಟವಾಯಿತು. ಮೇಲೆ ಹೇಳಿದ ಗ್ರೀಸಿನ ಕಾಡು ಪ್ರಭೇದಕ್ಕೆ ಕಾನ್‌ಸ್ಟಾಂಟಿನೋಪಲಿನ ಬ್ರಿಟಿಷ್ ಕಾನ್ಸಲ್ ಆಗಿದ್ದ ಕಾರ್ಟ್‌ರೈಟನ ಹೆಸರನ್ನಿಟ್ಟವನೂ ಅವನೇ. ಹೂವಿನ ಹೆಸರಿನಲ್ಲಿ ಒಬ್ಬ ಕಾನ್ಸಲ್ ಕುಳಿತಿರುವುದು ಆ ಕಾಲದ ಸ್ಥಿತಿಯನ್ನು ಚೆನ್ನಾಗಿ ಸೂಚಿಸುತ್ತದೆ.

ಎರಡನೆಯವನು ಜಾರ್ಜ್ ಮಾ. ಈತನು ಷ್ರಾಪ್‌ಷೈರಿನಲ್ಲಿ ನೆಲಕ್ಕೆ ಹಾಸುವ ಬಣ್ಣದ ಬಿಲ್ಲೆಗಳನ್ನು ತಯಾರಿಸುವ ಕಾರ್ಖಾನೆಯನ್ನು ತಮ್ಮನೊಡನೆ ನಡೆಸುತ್ತಿದ್ದವನು. ಬೆಂಥಾಲ್ ಹಾಲ್ ಎಂಬ ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದು, ಅದರ ಆವರಣದಲ್ಲಿ ತಾನು ಪ್ರವಾಸಗಳಲ್ಲಿ ಅಗೆದು ತಂದ ಮತ್ತು ನಾನಾ ದೇಶಗಳ ಪರಿಚಿತರಿಂದ ತರಿಸಿಕೊಂಡ ಗಡ್ಡೆಗಳನ್ನು ಬೆಳೆಸಿದನು. 1871ರಲ್ಲಿ ಜೋಸೆಫ್ ಹೂಕರ್ ಮತ್ತು ಜಾನ್ ಬಾಲ್ ಅವರು ಮೊರಾಕೋವಿನ ಅಟ್ಲಾಸ್ ಪರ್ವತಗಳಿಗೆ ಹೋದಾಗ ಈತನೂ ಜೊತೆಯಲ್ಲಿದ್ದನು. 1886ರಲ್ಲಿ ಹೊರಬಂದ ಅವನ ಬೃಹದ್ಗ್ರಂಥ 60ಕ್ಕೂ ಮೇಲ್ಪಟ್ಟ ಪ್ರಭೇದಗಳನ್ನು ವರ್ಣಿಸುತ್ತದೆ. ಬಣ್ಣದ ಚಿತ್ರಗಳೆಲ್ಲವೂ ಅವನ ಕೈಯವೇ. ಮಣ್ಣಿನ ಬಿಲ್ಲೆಯ ಮೇಲೆ ರೇಖೆ ಬಣ್ಣಗಳ ಲೆಕ್ಕ ಹಾಕಿ ಪಳಗಿದ ಕಣ್ಣು ಗಡ್ಡೆಯ ಸಿಪ್ಪೆಯ ಬಲೆಯನ್ನು ಎಳೆ ಬಿಡದೆ ಚಿತ್ರಿಸಿದೆ. ಈ ಸಿಪ್ಪೆಯೇ ಪ್ರಭೇದಗಳನ್ನು ಬೇರ್ಪಡಿಸುವುದಕ್ಕೆ ಮುಖ್ಯ ಸಾಧನ: ಒಂದರದು ನಾರಿನ ಜಾಳಿಗೆ, ಇನ್ನೊಂದರದು ಉಂಗುರವುಂಗುರವಾಗಿ ಒಡೆಯುವ ಹಾಳೆ, ಮತ್ತೊಂದರದು ನಯವಾದ ಚಿಪ್ಪು. ಹೂವಿನ ಬಣ್ಣವನ್ನು ನಂಬಿದವನು ಇಲ್ಲಿ ಮೋಸಹೋಗುತ್ತಾನೆ. ಬೆಂಥಾಲ್ ಹಾಲಿನ ಹುಲ್ಲಿನಲ್ಲಿ ಅವನ ಕಾಲದ ಕ್ರೋಕಸುಗಳ ಸಂತತಿ ಈಗಲೂ ಶರತ್ತಿನಲ್ಲಿ ಅರಳುತ್ತದೆ.

ಮೂರನೆಯವನಾದ ಎಡ್ವರ್ಡ್ ಅಗಸ್ಟಸ್ ಬೋಲ್ಸ್ ನಮ್ಮ ಮಟ್ಟಿಗೆ ಇವರೆಲ್ಲರಿಗಿಂತ ಆತ್ಮೀಯನಾದ ವ್ಯಕ್ತಿ. 1865ರಲ್ಲಿ ಲಂಡನ್ನಿಗೆ ಉತ್ತರದ ಎನ್‌ಫೀಲ್ಡಿನ ಮಿಡಲ್ಟನ್ ಹೌಸಿನಲ್ಲಿ ಹುಟ್ಟಿ 1954ರಲ್ಲಿ ಅದೇ ಮನೆಯಲ್ಲಿ ತೀರಿಕೊಂಡನು. ಪಾದ್ರಿಯಾಗಬೇಕೆಂದಿದ್ದ ತರುಣ 1887ರಲ್ಲಿ ಒಬ್ಬ ಸೋದರನನ್ನೂ ಸೋದರಿಯನ್ನೂ ಕ್ಷಯದಿಂದ ಕಳೆದುಕೊಂಡು, ಆ ಆಸೆಯನ್ನು ಬಿಟ್ಟು ಮನೆಯಲ್ಲಿಯೇ ಉಳಿದು ತೋಟಕ್ಕೆ ಕೈಹಾಕಿದನು. ಕ್ರೋಕಸ್ ಮತ್ತು ಕಾಲ್ಚಿಕಮುಗಳನ್ನು ಕುರಿತ ಅವನ ಕೈಪಿಡಿ 1924ರಲ್ಲಿ ಪ್ರಕಟವಾಗಿ, 1952ರಲ್ಲಿ ಪರಿಷ್ಕೃತವಾಯಿತು. ಎರಡು ಮುದ್ರಣಗಳ ನಡುವಣ ಈ 28 ವರ್ಷಗಳೂ ಅವನು ಪ್ರತಿ ಶರತ್ತಿನಲ್ಲಿ ನೆಲಕ್ಕೆ ಬಗ್ಗಿ ನೋಡಿದ ವರ್ಷಗಳೇ. ವಿಕಾರವಾಗಿ ಬೆಳೆದ ಗಿಡಗಳಿಗೆಂದು ತೋಟದಲ್ಲಿ ಒಂದು ಮೂಲೆಯನ್ನಿಟ್ಟು ಅದಕ್ಕೆ ‘ಹುಚ್ಚರ ಆಸ್ಪತ್ರೆ’ ಎಂದು ಹೆಸರಿಟ್ಟಿದ್ದನೆಂಬುದು ಅವನ ವಿನೋದದ ಸ್ವಭಾವವನ್ನು ತೋರಿಸುತ್ತದೆ.

ಇವರು ಕಂಡುಕೊಂಡ ಕೃಷಿವಿಧಾನವೂ ಚರಿತ್ರೆಗೆ ಸಂಬಂಧಪಟ್ಟದ್ದೇ. ಇಂಗ್ಲೆಂಡಿನ ಬೇಸಗೆಯಲ್ಲಿ ಮಳೆ ನಿಲ್ಲುವುದಿಲ್ಲ. ಗ್ರೀಸಿನ ಗಡ್ಡೆಗೆ ಆಗ ಒಣಗು ಬೇಕು. ಆದುದರಿಂದ ಗಾಜಿನ ಮುಚ್ಚಳವುಳ್ಳ ಪಾತಿಗಳಲ್ಲಿ ಮರಳು ತುಂಬಿ, ಅದರಲ್ಲಿ ಕುಂಡಗಳನ್ನು ಹುಗಿದು, ಬೇಸಗೆಯಲ್ಲಿ ಮುಚ್ಚಿ ಶರತ್ತಿಗೆ ತೆರೆಯುವ ಪದ್ಧತಿ ಬಂದಿತು. ಒಂದು ಪರದೇಶದ ಹವೆಯನ್ನು ಒಂದು ಮೊಳ ಅಗಲದ ಪೆಟ್ಟಿಗೆಯಲ್ಲಿ ನಿರ್ಮಿಸುವ ಉಪಾಯ ಇದು. ಹೂವಿನ ಅಂಡಾಶಯ ನೆಲದೊಳಗೇ ಇರುತ್ತದೆ. ನಮಗೆ ಕಾಂಡವೆಂದು ತೋರುವುದು ಹೂವಿನದೇ ಉದ್ದನೆಯ ಕೊಳವೆ. ಶರತ್ತಿನಲ್ಲಿ ಅರಳಿದ ಹೂವಿನ ಕಾಯಿ ವಸಂತದಲ್ಲಿ ಮಣ್ಣಿನ ಮೇಲಕ್ಕೆ ಬಂದು ಒಡೆಯುತ್ತದೆ. ಆ ಬೀಜವನ್ನು ಬಿತ್ತಿದವನು ಹೂ ಕಾಣಲು ಮೂರು ನಾಲ್ಕು ವರ್ಷ ಕಾಯಬೇಕು, ಇಲಿಗಳು ಬಿಟ್ಟರೆ. ಆದರೂ ಅನುಭವಿಗಳು ಬೀಜವನ್ನೇ ಮೆಚ್ಚುತ್ತಾರೆ. ಗಡ್ಡೆಯಿಂದ ಗಡ್ಡೆಗೆ ಸಾಗುವ ವೈರಸ್ ರೋಗಗಳು ಸಾಮಾನ್ಯವಾಗಿ ಬೀಜಕ್ಕೆ ದಾಟುವುದಿಲ್ಲ. ಕಾಡಿನ ಗಡ್ಡೆಯನ್ನು ಅಗೆಯದೆ ಹೂವನ್ನು ಪಡೆಯುವ ನ್ಯಾಯವಾದ ದಾರಿಯೂ ಅದೇ. ಮಾ ಗಡ್ಡೆಗಳನ್ನೇ ಅಗೆದು ತಂದವನು. ಇಂದು ಹಾಗೆ ಮಾಡಿದರೆ ನಾವು ಅದನ್ನು ಮೆಚ್ಚಲಾರೆವು. ಅವನ ಗ್ರಂಥವನ್ನು ಮೆಚ್ಚುವಾಗ ಈ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.

‘ದುರ್ಲಭ’ವೆಂಬ ಮಾತಿಗೆ ಮತ್ತೆ ಬರೋಣ. ಕ್ರೋಕಸ್ ಗೂಲಿಮಿಯೈ ಎಂಬ ತಿಳಿನೇರಿಳೆಯ ಹೂವು ಲೋಕದಲ್ಲಿ ಸಹಜವಾಗಿ ಬೆಳೆಯುವುದು ಗ್ರೀಸಿನ ಪೆಲೊಪೊನ್ನೀಸಿನ ದಕ್ಷಿಣ ತುದಿಯಲ್ಲಿ ಮಾತ್ರ. ಅದೂ ಯಾರೂ ಕಾಲಿಡದ ಶಿಖರದಲ್ಲಲ್ಲ. ಆಲಿವ್ ತೋಪುಗಳಲ್ಲಿ, ಕಲ್ಲಿನ ಗೋಡೆಗಳ ಬುಡದಲ್ಲಿ. ಆದರೂ ಅದನ್ನು ಹೊಸ ಪ್ರಭೇದವೆಂದು ಕ್ಯೂ ಉದ್ಯಾನದ ಟರ್ರಿಲ್ ಪ್ರಕಟಿಸಿದ್ದು 1955ರಷ್ಟು ಈಚೆಗೆ. ಕಂಡುಹಿಡಿದವರು ಅಥೆನ್ಸಿನ ವಕೀಲ ಕಾನ್‌ಸ್ಟಾಂಟಿನ್ ಗೂಲಿಮಿಸ್; ಅವರ ಹೆಸರೇ ಹೂವಿಗೆ ನಿಂತಿತು. ಎಷ್ಟೋ ತಲೆಮಾರುಗಳ ಒಕ್ಕಲಿಗರು ಆಲಿವ್ ಕಾಯಿ ಕೊಯ್ಯುವ ಹೊತ್ತಿನಲ್ಲಿ ನೋಡುತ್ತ ಬಂದ ಹೂವು ಅದು. ಕಾಡಿನಲ್ಲಿ ಇಷ್ಟು ಸಣ್ಣ ನೆಲೆಯುಳ್ಳ ಈ ಸಸ್ಯ ತೋಟದಲ್ಲಿ ಮಾತ್ರ ಧಾರಾಳವಾಗಿ ಮರಿಗಡ್ಡೆಗಳನ್ನು ಹಾಕಿ ಹೆಚ್ಚುತ್ತದೆ. ಇದಕ್ಕೆ ತೀರ ವಿರುದ್ಧವಾದದ್ದು ಕಾಕಸಸಿನ ಎತ್ತರದ ಹುಲ್ಲುಗಾವಲುಗಳ ಷಾರೋಯಾನಿಯೈ. ಶರತ್ತಿನ ಕ್ರೋಕಸುಗಳಲ್ಲಿ ಅಪೂರ್ವವಾದ ಗಾಢ ಹಳದಿ ಬಣ್ಣ ಇದರದು. ತನ್ನ ಬೆಟ್ಟದಲ್ಲಿ ಹಿಮ ಕರಗಿದ ನೀರಿನಲ್ಲಿ ಸುಖವಾಗಿರುವ ಈ ಗಡ್ಡೆ ಎಂದೂ ಪೂರ್ತಿ ಒಣಗುವುದನ್ನು ಸಹಿಸದು. ಬಯಲುಸೀಮೆಯ ತೋಟಗಳಲ್ಲಿ ಅದನ್ನು ಉಳಿಸಿಕೊಂಡವರು ಬಹು ಕಡಿಮೆ. ಒಂದು ಕಾಡಿನಲ್ಲಿ ದುರ್ಲಭ, ತೋಟದಲ್ಲಿ ಸುಲಭ. ಇನ್ನೊಂದು ತೋಟದಲ್ಲಿ ದುರ್ಲಭ. ಕುಂಕುಮಕೇಸರಿಯಂತೂ ಹೊಲದಲ್ಲಿ ಹೇರಳ, ಕಾಡಿನಲ್ಲಿ ಶೂನ್ಯ.

ಬಾನಾಟಿಕಸ್ ಎಂಬ ಪ್ರಭೇದವನ್ನು ಬಿಡುವುದು ನಮಗೆ ಮನಸ್ಸಿಲ್ಲ. ರುಮೇನಿಯ ಮತ್ತು ಅದರ ನೆರೆಯ ಸೀಮೆಗಳ ತೇವದ ನೆರಳಿನಲ್ಲಿ ಬೆಳೆಯುವ ಇದರಲ್ಲಿ ಹೊರಗಿನ ಮೂರು ದಳಗಳು ದೊಡ್ಡವು, ಒಳಗಿನ ಮೂರು ಚಿಕ್ಕವಾಗಿ ನೆಟ್ಟಗೆ ನಿಲ್ಲುತ್ತವೆ. ಐರಿಸ್ ಹೂವಿನ ಹೋಲಿಕೆಯಿಂದ ಇದಕ್ಕೆ ‘ಐರಿಸ್ ಹೂವಿನ ಕ್ರೋಕಸ್’ ಎಂಬರ್ಥದ ಹೆಸರೂ ಇತ್ತು. ಬೋಳು ನೆಲದ ಮೇಲೆ ನೇರಿಳೆಯ ಶಲಾಕೆ ನೂಲುನೂಲಾಗಿ ಸೀಳಿಕೊಂಡು ನಿಲ್ಲುವ ಈ ಹೂವನ್ನು ಬಲ್ಲವರು ಕುಲದಲ್ಲಿಯೇ ಶ್ರೇಷ್ಠವೆಂದು ಎಣಿಸುವುದರಲ್ಲಿ ಆಶ್ಚರ್ಯವಿಲ್ಲ.

1982ರಲ್ಲಿ ಬ್ರಯನ್ ಮ್ಯಾಥ್ಯೂ ಈ ಕುಲವನ್ನು ಮತ್ತೆ ಪರಿಶೀಲಿಸಿದಾಗ ಪ್ರಭೇದಗಳು ಸುಮಾರು 80; ಆಮೇಲಣ ಶೋಧನೆಗಳಿಂದ, ಮುಖ್ಯವಾಗಿ ತುರ್ಕಿಯ ಸಸ್ಯಗಳ ಪರಿಶೀಲನೆಯಿಂದ, ಆ ಸಂಖ್ಯೆ 200ನ್ನು ಮೀರಿದೆ. ಹೀಗೆ ಒಂದನ್ನು ಎರಡಾಗಿ ಒಡೆದಾಗಲೆಲ್ಲ ಎರಡೂ ಮೊದಲಿಗಿಂತ ಹೆಚ್ಚು ದುರ್ಲಭವಾಗುತ್ತವೆ.

ಕೊನೆಯದಾಗಿ, ಹೂವೇ ದಾಖಲೆಯಾದ ಒಂದು ಪ್ರಸಂಗ. ನೂಡಿಫ್ಲೋರಸ್ ಎಂಬ ಶರತ್ಕಾಲದ ಕ್ರೋಕಸಿನ ತವರು ಪಿರನೀಸ್ ಪರ್ವತಗಳ ಎರಡು ಮಗ್ಗುಲಿನ ಹುಲ್ಲುಗಾವಲುಗಳು. ಆದರೆ 1798ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಅದಕ್ಕೆ ಆ ಹೆಸರನ್ನಿತ್ತದ್ದು ಇಂಗ್ಲೆಂಡಿನ ಸಸ್ಯಗಳನ್ನು ಕುರಿತ ಗ್ರಂಥದಲ್ಲಿ. ನಾಟಿಂಗ್‌ಹ್ಯಾಮ್, ಲ್ಯಾಂಕಷೈರ್, ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಸುತ್ತಿನ ಗಾವಲುಗಳಲ್ಲಿ ಅದು ಕಾಡುಹೂವಿನಂತೆ ನೆಲಸಿಬಿಟ್ಟಿದೆ. ಯಾರು ತಂದರು? ಹ್ಯಾಲಿಫ್ಯಾಕ್ಸ್ ಕಡೆಯ ಸ್ಥಳೀಯ ಚರಿತ್ರಕಾರರು ಮಧ್ಯಯುಗದ ಸಂತ ಯೋಹಾನನ ವೀರಸಂನ್ಯಾಸಿಗಳು ಕುಂಕುಮಕೇಸರಿಗೆ ಬದಲಾಗಿ ಇದನ್ನು ತಮ್ಮ ಭೂಮಿಗಳಲ್ಲಿ ನೆಟ್ಟರೆಂದು ಊಹಿಸಿದ್ದಾರೆ. ಹೂವಿನ ನೆಲೆಗಳೂ ಆ ಸಂಘದ ಜಮೀನುಗಳೂ ಕೆಲವೆಡೆ ಒಂದರ ಮೇಲೊಂದು ಬೀಳುವುದೇ ಅವರ ಪ್ರಮಾಣ. ಜಮೀನು ಹೂವು ಎರಡೂ ವಿಶಾಲವಾಗಿ ಹರಡಿರುವಲ್ಲಿ ಇಂಥ ಕೂಟ ಆಕಸ್ಮಿಕವೂ ಆಗಬಹುದಾದ್ದರಿಂದ ನಾವು ಇದನ್ನು ಸಿದ್ಧಾಂತವೆಂದು ಅಂಗೀಕರಿಸಲಾರೆವು. ಇವಾನ್ಸರ ಕೋತಿಯನ್ನು ಇಲ್ಲಿ ನೆನೆಯುವುದು ಒಳ್ಳೆಯದು. ಇಷ್ಟು ಮಾತ್ರ ಖಂಡಿತ: ಈ ಗಡ್ಡೆ ಹಬ್ಬುವುದು ಮುಖ್ಯವಾಗಿ ನೆಲದಡಿಯ ಹಂಬುಗಳಿಂದ, ಅಂಗುಲ ಅಂಗುಲವಾಗಿ, ಗಾಳಿಯಲ್ಲಿ ತೇಲಿ ಸಮುದ್ರ ದಾಟುವಂಥದಲ್ಲ. ಪ್ರತಿಯೊಂದು ಗಾವಲಿಗೂ ಅದನ್ನು ಮನುಷ್ಯನ ಕೈಯೇ ಮುಟ್ಟಿಸಿರಬೇಕು.

ನಾಟಿಂಗ್‌ಹ್ಯಾಮ್ ಪಟ್ಟಣದ ದಕ್ಷಿಣಕ್ಕಿದ್ದ ವಿಶಾಲವಾದ ಗಾವಲು ಹಿಂದೆ ವಸಂತದಲ್ಲೊಮ್ಮೆ ಶರತ್ತಿನಲ್ಲೊಮ್ಮೆ ಕ್ರೋಕಸುಗಳಿಂದ ನೇರಿಳೆಯಾಗುತ್ತಿತ್ತು. 1845ರ ಶಾಸನದಂತೆ ಆ ಸಾರ್ವಜನಿಕ ಭೂಮಿಗೆ ಬೇಲಿ ಬಿದ್ದು, ಮುಂದೆ ಅಲ್ಲಿ ಕೆಲಸಗಾರರ ಮನೆಸಾಲುಗಳೆದ್ದವು. ಬಡಾವಣೆಗೆ ‘ಮೆಡೋಸ್’, ಎಂದರೆ ಗಾವಲುಗಳು, ಎಂಬ ಹೆಸರು ಮಾತ್ರ ಉಳಿಯಿತು. 2002ರಲ್ಲಿ ಬ್ರಿಟನ್ನಿನ ಒಂದೊಂದು ಕೌಂಟಿಗೂ ಒಂದೊಂದು ಕಾಡುಹೂವನ್ನು ಜನರಿಂದ ಆರಿಸಿದಾಗ, ನಾಟಿಂಗ್‌ಹ್ಯಾಮ್‌ಷೈರಿನ ಪಾಲಿಗೆ ಬಂದುದು ಪಿರನೀಸಿನ ಈ ಶರತ್ಕಾಲದ ಕ್ರೋಕಸ್.